ಸಮುದ್ರವಿಲ್ಲದ ಬಂದರು

"ಮೇಷ್ಟ್ರೇ, ಸುತ್ತಿ ಬಳಸಿ ಹೇಳಬೇಡಿ. ನಮ್ಮ ಖಜಾನೆ ಹಳ್ಳ ಹಿಡಿದಿದ್ದು ಯಾವುದರಿಂದ? ಯಾರ ಸಹಿಯಿಂದ? ಅಷ್ಟು ಹೇಳಿ ಸಾಕು," ಎಂದರು ಹಣಕಾಸು ಮಂತ್ರಿಗಳು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ.

ಅವರ ಎಡಗಡೆ ಕೂತಿದ್ದ ಹಣಕಾಸು ಕಾರ್ಯದರ್ಶಿ ನೀರಿನ ಲೋಟ ಎತ್ತಿದರು, ಕುಡಿಯದೆ ಹಾಗೇ ಇಳಿಸಿದರು. ಮರುದಿನ ಬಜೆಟ್. ರಾಜ್ಯದಲ್ಲಿ ಎಲ್ಲದಕ್ಕೂ ಕೊರತೆಯಿತ್ತು, ಕೊರತೆಯೊಂದನ್ನು ಬಿಟ್ಟು. ಹೊಸ ತೆರಿಗೆ ಹಾಕಿದರೆ ಜನ ಬಿಡುವುದಿಲ್ಲ, ಹಾಕದಿದ್ದರೆ ಸಾಲ ಕೊಟ್ಟವರು ಬಿಡುವುದಿಲ್ಲ. ಅದಕ್ಕೇ ಮಂತ್ರಿಗಳು ಕಾಲೇಜಿನಿಂದ ಇತಿಹಾಸದ ಮೇಷ್ಟ್ರೊಬ್ಬರನ್ನು ಕರೆಸಿ, "ಹಿಂದೆ ಹೀಗಾಗದೆ ಹಾಗಾಗಿದ್ದರೆ ಇವತ್ತು ನಮ್ಮ ಸ್ಥಿತಿ ಹೇಗಿರ್ತಿತ್ತು, ಬರ್ಕೊಂಡು ಬನ್ನಿ" ಎಂದಿದ್ದರು. ದುಡ್ಡು ಸಿಗದಿದ್ದರೂ ಗೂಬೆ ಕೂರಿಸಲು ಒಂದು ತಲೆಯಾದರೂ ಸಿಗಲಿ ಎಂಬ ಲೆಕ್ಕ. ಸಿಕ್ಕ ತಲೆಯ ಹೆಸರನ್ನು ಸದನದಲ್ಲಿ ಓದಿ, ಪಿಂಚಣಿಗೆ ಕತ್ತರಿ ಹಾಕುವುದೆಂದೂ ನಿಶ್ಚಯವಾಗಿತ್ತು.

ಆ ತಲೆ ತನ್ನದೇ ಎಂದು ಕಾರ್ಯದರ್ಶಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಿಸಿರಕ್ತದ ಹುರುಪಿನಲ್ಲಿ, ಊರಾಚೆಯ ವಿಮಾನ ನಿಲ್ದಾಣದ ಫೈಲಿಗೆ ಸಹಿ ಜಡಿದವರು ಅವರೇ. ನಿಲ್ದಾಣವೇನೋ ಎದ್ದಿತು. ಅಲ್ಲಿ ಇವತ್ತಿನವರೆಗೂ ವಿಮಾನ ಇಳಿದಿಲ್ಲ, ಇಳಿದದ್ದು ಖಜಾನೆ ಮಾತ್ರ. ಇನ್ನು ಬರುವ ತಿಂಗಳು ಅವರ ನಿವೃತ್ತಿ.

"ಎಲ್ಲಾ ಶುರುವಾಗಿದ್ದು ವಿಮಾನ ನಿಲ್ದಾಣದಿಂದ ಮೇಡಂ," ಎಂದರು ಮೇಷ್ಟ್ರು.

ಕಾರ್ಯದರ್ಶಿ ಮತ್ತೆ ಲೋಟಕ್ಕೆ ಕೈಹಾಕಿದರು.

"ನಂಗೊತ್ತಿತ್ತು!" ಮಂತ್ರಿಗಳು ಮೇಜು ಕುಟ್ಟಿದರು. "ಯಾವ ಪುಣ್ಯಾತ್ಮ ಅದಕ್ಕೆ ಸಹಿ ಹಾಕಿದ್ದು?"

"ಪುಣ್ಯಾತ್ಮ ಅಂದ್ರಲ್ಲ, ಸರಿಯಾಗೇ ಅಂದ್ರಿ. ಅದು ಆಗದೇ ಇದ್ದಿದ್ರೆ ಆ ದುಡ್ಡು ಸುಮ್ನೆ ಕೂರ್ತಿತ್ತಾ? ಬಂದರಿಗೆ ಹೋಗ್ತಿತ್ತು."

"ಯಾವ ಬಂದರು?"

"ಹಡಗಿನ ಬಂದರು."

"ಅಲ್ರೀ, ನಮಗೆ ಸಮುದ್ರ ಎಲ್ಲಿದೆ?"

"ಅದಕ್ಕೇ ಖರ್ಚು ಜಾಸ್ತಿ ಮೇಡಂ. ಬಂದರಿನ ಜೊತೆ ಸಮುದ್ರನೂ ತರಬೇಕಿತ್ತು. ಪಕ್ಕದ ರಾಜ್ಯದಿಂದ ಕಾಲುವೆ ತೋಡಿ, ಉಪ್ಪು ಸುರಿದು, ಅಲೆ ಎಬ್ಬಿಸೋಕೆ ಒಂದು ನಿಗಮ ಮಾಡಿ, ಅದಕ್ಕೊಬ್ಬ ಅಧ್ಯಕ್ಷ, ಅಧ್ಯಕ್ಷನಿಗೊಂದು ಕಾರು... ನಿಲ್ದಾಣದ ಹತ್ತರಷ್ಟು ದುಡ್ಡು ಮುಳುಗ್ತಿತ್ತು. ಆ ಸಹಿ ಹಾಕಿದವರು ಯಾರೋ, ರಾಜ್ಯಾನ ದಡ ಸೇರಿಸಿದ್ರು."

ಮಂತ್ರಿಗಳು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಮಂತ್ರಿಗಳ ಮುಖ ಅರಳಿತ್ತು.

"ಹೌದ್ರೀ, ಈಗ ಜ್ಞಾಪಕ ಬಂತು! ನಮ್ಮಪ್ಪ ಆಗ ಸದನದಲ್ಲಿದ್ರು. ಆ ಬಂದರು ಬೇಡವೇ ಬೇಡ ಅಂತ ಗುಡುಗಿದ್ರು ನೋಡಿ, ಮೂರು ದಿನ ಅವರ ಗಂಟಲೇ ಬಿದ್ದುಹೋಗಿತ್ತು. ಏನ್ರೀ ಸಾಹೇಬ್ರೇ, ಕಟ್ಟದೇ ಇದ್ದಿದ್ರಿಂದ ಉಳಿದ ದುಡ್ಡು ಉಳಿತಾಯ ತಾನೆ?"

"ಉಳಿ... ಉಳಿತಾಯವೇ ಮೇಡಂ," ಎಂದರು ಕಾರ್ಯದರ್ಶಿ.

"ಹಾಗಾದ್ರೆ ಆದಾಯದ ಕಡೆ ಸೇರಿಸಿ. ಕೊರತೆ ತುಂಬುತ್ತಾ?"

"ತುಂಬಿ ಚೆಲ್ಲುತ್ತೆ ಮೇಡಂ."

"ಅಬ್ಬಾ! ಗೆದ್ದೆ. ಮತ್ತೆ ಆ ಸಹಿ ಹಾಕಿದ ಮಹಾನುಭಾವರನ್ನ ಹುಡುಕಿ. ನಾಳೆ ಸದನದಲ್ಲೇ ಹೆಸರು ಹೇಳಿ ಹೊಗಳಿಬಿಡ್ತೀನಿ."

"ಹುಡುಕೋದೇನೂ ಬೇಡ ಮೇಡಂ," ಎಂದರು ಕಾರ್ಯದರ್ಶಿ. ಮೊದಲ ಮಾತಿಗೆ ಕೀರಲಾಗಿದ್ದ ದನಿ ಮುಗಿಯುವಷ್ಟರಲ್ಲಿ ಎದೆಯುಬ್ಬಿಸಿತ್ತು. "ಅದು ನಾನೇ."

ಹೊರಗೆ ಬಂದ ಮೇಲೆ ಕಾರ್ಯದರ್ಶಿ ಗೋಡೆಗೆ ಒರಗಿ ನಿಂತರು. ಹೋದ ಜೀವ ಬಂದಂತಾಗಿತ್ತು. ಮೇಷ್ಟ್ರು ಚೀಲ ಹೆಗಲಿಗೇರಿಸಿ ಮೆಟ್ಟಿಲಿನತ್ತ ಹೊರಟಿದ್ದರು.

"ಮೇಷ್ಟ್ರೇ, ಒಂದ್ನಿಮಿಷ. ನಾನು ಮೊದಲಿಂದ ಇದೇ ಇಲಾಖೇಲಿ ಇದ್ದೀನಿ. ಅಂಥ ಬಂದರಿನ ಸುದ್ದೀನೇ ಕೇಳಿಲ್ವಲ್ಲ. ನಿಜವಾಗ್ಲೂ ಇತ್ತಾ?"

"ಹಾಗಾಗಿದ್ದರೆ ಅಂತ ತಾನೆ ಸಾರ್ ನನಗೆ ಬರೆಯೋಕೆ ಹೇಳಿದ್ದು?"

ಕಾರ್ಯದರ್ಶಿ ಬಾಯಿ ತೆರೆದರು. ಬಂದದ್ದು ನಗು. ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಷ್ಟರಲ್ಲಿ ಒಳಗಿನಿಂದ ಮಂತ್ರಿಗಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಅಮ್ಮಾ, ನಿಂಗೂ ಜ್ಞಾಪಕ ಇದೆಯಾ? ಏನಂದೆ? ಅಪ್ಪ ನಿನ್ನ ಅಲ್ಲಿಗೆ ಕರ್ಕೊಂಡು ಹೋಗಿ ಹಡಗು ತೋರಿಸಿದ್ರಾ?"