ಗಜನಿಯಾಚೆಯ ಹನ್ನೆರಡು ಮನೆ

ಗಜನಿ ಗದ್ದೆಯ ಒಡ್ಡಿನ ಮೇಲೆ ಫೈಲು ಹಿಡಿದ ಕೇಶವ ಕಾಣಿಸಿದಾಗ ಜಯಶ್ರೀ ಮೂರನೇ ಮನೆಯ ಹಗ್ಗಕ್ಕೆ ಗಂಡಸರ ಅಂಗಿ ಹರವುತ್ತಿದ್ದಳು. ಆ ಅಂಗಿ ತೊಡುವ ಗಂಡಸು ಅಲ್ಲಿರಲಿಲ್ಲ. ಬಕೆಟ್ಟನ್ನು ಬಾಗಿಲ ಹಿಂದೆ ತಳ್ಳಿ, ಬೀಗ ಹಾಕಿ, ತನ್ನ ಮನೆಗೆ ಓಡಿದಳು.

ಅವರ್ಸಾದ ಆ ಬಡಾವಣೆ ಹಂತ ಹಂತವಾಗಿ ಏಳುತ್ತಿತ್ತು. ಉಪ್ಪುನೀರಿನ ಗಜನಿ ಗದ್ದೆಯ ಆ ದಡಕ್ಕೆ ಮೊದಲ ಹಂತ, ಈ ದಡಕ್ಕೆ ಎರಡನೆಯದು. ಹೆದ್ದಾರಿಯಿಂದ ಎರಡನ್ನೂ ಸೇರಿಸುವ ರಸ್ತೆ ಬರಬೇಕು, ಕುಡಿಯುವ ನೀರಿನ ಪೈಪು ಬರಬೇಕು. ಎರಡೂ ದಡ ಸೇರಿ ಇಪ್ಪತ್ತು ಮನೆಗಳಲ್ಲಿ ಜನ ವಾಸವಿದ್ದರೆ ಈ ವರ್ಷವೇ ಕೆಲಸ. ಇಲ್ಲದಿದ್ದರೆ ಮೂರನೇ ಹಂತದ ಜೊತೆಗೆ, ಅದೂ ಯಾವಾಗಲೋ. ಮಳೆಗಾಲದ ಮೊದಲು ಎಣಿಕೆಗೆ ಬರುತ್ತೇವೆಂದು ಬಡಾವಣೆ ಕಟ್ಟುತ್ತಿದ್ದ ಕಂಪನಿ ಕಾಗದ ಕಳಿಸಿತ್ತು.

ಆ ದಡದಲ್ಲಿ ಹನ್ನೆರಡು ಮನೆ. ಸಂಜೆ ಆರೂವರೆಗೆ ಅಲ್ಲಿ ಎಡದಿಂದ ಬಲಕ್ಕೆ ಒಂದೊಂದಾಗಿ ದೀಪ ಹೊತ್ತಿಕೊಳ್ಳುತ್ತಿದ್ದವು. ಎಂಥ ಶಿಸ್ತಿನ ಜನ ಎಂದು ಜಯಶ್ರೀಗೆ ಮೆಚ್ಚುಗೆ, ಹೊಟ್ಟೆಕಿಚ್ಚು ಎರಡೂ. ಈ ದಡದಲ್ಲಿ ಎಂಟು ಮನೆ. ಅವಳದನ್ನು ಬಿಟ್ಟು ಏಳರ ಯಜಮಾನರು ಬೀಗದ ಕೈ ಅವಳಿಗೆ ಕೊಟ್ಟು, ರಸ್ತೆಯಾದ ಮೇಲೆ ಬರುತ್ತೇವೆಂದು ಹೋದವರು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದ ಅಕ್ಕೋರು ನಿವೃತ್ತಿಯಾದ ಮೇಲೆ ಏಳು ಸುಳ್ಳು ಸಂಸಾರ ನಡೆಸುತ್ತಿದ್ದಳು. ಏಳು ಅಂಗಳಕ್ಕೆ ರಂಗೋಲಿ, ಏಳು ಹಗ್ಗಕ್ಕೆ ಬಟ್ಟೆ. ರಸ್ತೆಗಿಂತ ಅವಳಿಗೆ ಬೇಕಾದದ್ದು ರಸ್ತೆಯಲ್ಲಿ ಬರುವ ಜನ. ಎಷ್ಟೋ ದಿನ ಒಂದು ಮಾತೂ ಆಡದೆ ಮಲಗುತ್ತಿದ್ದಳು.

ಮೊದಲ ಸೋಮವಾರ ಕೇಶವ ಬಂದಾಗ "ಕಂಪನಿಯವ್ರಾ?" ಎಂದು ಅವಳೇ ಕೇಳಿದ್ದಳು. ಅವನು ಕ್ಷಣ ತಡೆದು ತಲೆಯಾಡಿಸಿದ್ದ. ಇದು ಐದನೇ ಸೋಮವಾರ. ಎಂಟು ಮನೆ ಎಣಿಸಲು ಐದು ಸಲ ಬೇಕೆ? ಅನುಮಾನ ಬಂದಿರಬೇಕು ಎಂದು ಅವಳಿಗೆ ಹೆದರಿಕೆ. ಆದರೂ ಭಾನುವಾರದಿಂದಲೇ ಕಾಯುತ್ತಿದ್ದಳು, ಅದೂ ನಿಜ. ಮೂರನೇ ಮನೆಯವನಿಗೆ ಅರ್ಗಾದ ನೌಕಾನೆಲೆಯಲ್ಲಿ ಕೆಲಸ, ಐದನೇ ಮನೆಯ ಪುಟ್ಟಿಗೆ ಜ್ವರ ಎಂದೆಲ್ಲ ಅವಳು ಹೇಳುತ್ತಿದ್ದರೆ ಅವನು ಫೈಲು ಬಿಚ್ಚುವುದನ್ನೂ ಮರೆತು ಕೇಳುತ್ತಿದ್ದ.

ಅವನು ಬಾವಿಕಟ್ಟೆಯಲ್ಲಿ ಕೆಸರುಗಾಲು ತೊಳೆದು ಜಗಲಿಯಲ್ಲಿ ಕೂತ. ಅವಳು ಚಹಾ ತಂದಳು.

"ಆ ಬದಿಯವ್ರೆಲ್ಲ ಬಂದಾಯ್ತು ಅಲ್ರಾ ಸಾಹೇಬ್ರೆ?"

"ಹನ್ನೆರಡು ಮನೆಲೂ ದೀಪ ಉರೀತದೆ ಅಕ್ಕೋರೆ." ಅವನು ಚೀಲದಿಂದ ಎರಡು ಇಶಾಡ ಮಾವಿನಹಣ್ಣು ತೆಗೆದ. "ಐದನೇ ಮನೆ ಪುಟ್ಟಿಗೆ. ಜ್ವರ ಬಿಡ್ತಾ?"

ಆ ಜ್ವರವನ್ನು ಹುಟ್ಟಿಸಿದವಳು ಜಯಶ್ರೀ. ಪುಟ್ಟಿಯನ್ನೂ ಅವಳೇ. ಹಣ್ಣು ಕೈಗೆ ಬಂದದ್ದೇ ತಡ, ಅವಳಿಗೆ ನಾಚಿಕೆಯಾಯಿತು. ನಿಜ ಹೇಳಿದರೆ ರಸ್ತೆ ಹೋಯಿತು. ಆ ದಡದ ಹನ್ನೆರಡು ಸಂಸಾರದ ಬಾಯಿಗೂ ಮಣ್ಣು. ಈ ಸೋಮವಾರಗಳೂ ಹೋದವು. ಆದರೂ ಇಲ್ಲದ ಪುಟ್ಟಿಯ ಹಣ್ಣನ್ನು ಇಟ್ಟುಕೊಳ್ಳಲು ಅವಳಿಂದಾಗಲಿಲ್ಲ.

"ಪುಟ್ಟಿ ಇಲ್ಲ ಸಾಹೇಬ್ರೆ. ಇಲ್ಲಿ ಯಾರೂ ಇಲ್ಲ. ರಂಗೋಲಿ, ಬಟ್ಟೆ, ಎಲ್ಲಾ ನಾನೇ ಮಾಡೂದು."

"ಏಳೂ ಮನೆ?"

"ಏಳೂ."

ಕೇಶವನ ಮುಖ ಬಾಡಿತು. ಬೈಯುತ್ತಾನೆಂದುಕೊಂಡಳು, ಬೈಯಲಿಲ್ಲ. ಬರೆದುಕೊಳ್ಳಲೂ ಇಲ್ಲ. ಬೀಗ ಹಾಕಿದ ಏಳು ಬಾಗಿಲುಗಳನ್ನು ಒಂದೊಂದಾಗಿ ನೋಡಿದ, ತನ್ನವರೇ ಯಾರೋ ಊರು ಬಿಟ್ಟು ಹೋದ ಹಾಗೆ.

ಪ್ರತಿ ಸೋಮವಾರ "ಕತ್ತಲಾಗೂದ್ರೊಳಗೆ ಆ ಬದಿ ಕೆಲಸ ಅದೆ" ಎಂದು ಆರಕ್ಕೇ ಏಳುವವನು ಇಂದು ಏಳಲಿಲ್ಲ. ಏಳಿ ಎನ್ನಲು ಅವಳಿಗೂ ಮನಸ್ಸಾಗಲಿಲ್ಲ. ಪುಟ್ಟಿಯ ಹಣ್ಣನ್ನು ಹೆಚ್ಚಿ ತಂದಳು, ಇಬ್ಬರೂ ತಿಂದರು. ಆರೂವರೆ ಕಳೆದು ಏಳಾಯಿತು. ಜಗಲಿಯ ದೀಪ ಹಾಕಿ, ಜಯಶ್ರೀ ಎಂದಿನಂತೆ ಗಜನಿಯಾಚೆ ನೋಡಿದಳು. ಹನ್ನೆರಡು ಮನೆಗಳೂ ಕತ್ತಲಲ್ಲಿದ್ದವು.

"ಅಯ್ಯೋ, ಆ ಬದಿ ಕರೆಂಟು ಹೋಯ್ತಾ ಎಂತದು?"

ಕೇಶವ ಗೊರಟನ್ನು ತಟ್ಟೆಯಲ್ಲಿಟ್ಟ.

"ಕರೆಂಟು ಅದೆ ಅಕ್ಕೋರೆ. ನಾನು ಕಂಪನಿಯವ್ನಲ್ಲ, ಆ ಬದಿಗೆ ಇರೂದು ನಾನೊಬ್ನೇ. ಹನ್ನೆರಡೂ ಮನೆ ದೀಪ ಹಾಕೂದೂ ನಾನೇ. ಇವತ್ತು ನಾನು ಇಲ್ಲೇ ಕೂತಿದ್ನಲ್ಲ."