ದೀಪ ಹಚ್ಚದ ಸಂಜೆ

ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕುಳ್ಳಮ್ಮ ಮೆಲ್ಲಗೆ ಕೈ ತೂರಿಸಿ, ಕಿಕ್ಕೇರಿ ಸಂತೆಯಿಂದ ತಂದ ಮರಿಗಳಲ್ಲಿ ಒಂದನ್ನು ಬಿಟ್ಟಳು. ಮರಿಯಾಗದೆ ಕೆಟ್ಟಿದ್ದ ಮೊಟ್ಟೆಯೊಂದನ್ನು ಈಚೆಗೆ ಎಳೆದುಕೊಂಡಳು. ಹೊತ್ತು ಮುಳುಗಿದ್ದರೂ ದೀಪ ಹಚ್ಚಲು ಬಿಟ್ಟಿರಲಿಲ್ಲ.

“ಯಾಕಜ್ಜಿ ಕತ್ಲಲ್ಲೇ ಬುಡೋದು?” ಮೊಮ್ಮಗಳು ಅಕ್ಷಿತಾ ಪಿಸುಗುಟ್ಟಿದಳು.

“ಕಂಡ್ರೆ ಕುಕ್ಬುಡ್ತದೆ ಕಣವ್ವ. ಬೆಳಗಾಗೋ ಒತ್ಗೆ ತನ್ನ ಮರಿನೇ ಅನ್ಕತದೆ.”

“ಕೋಳಿ ಅನ್ಕತದೆ. ಮರಿ? ಬೆಳಿಗ್ಗೆ ಎದ್ದು ಅವ್ವನ್ನ ಹುಡುಕಲ್ವಾ?”

ಕುಳ್ಳಮ್ಮ ನಕ್ಕಳು. “ನಿನ್ ಮಗಳ ಬಾಯಿ ನೋಡ್ದೇನೆ, ಪ್ರಮೀಳಾ?”

ಪ್ರಮೀಳಾ ನಗಲಿಲ್ಲ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವಳಿಗೆ ಆಯಾ ಕೆಲಸ ಸಿಕ್ಕಿತ್ತು. ಮಗಳನ್ನು ತವರಲ್ಲಿ ಬಿಟ್ಟು ನಾಳೆ ಮೊದಲ ಬಸ್ಸಿಗೆ ಹೊರಡಬೇಕು. “ಎದ್ದಿದ್ರೆ ಅತ್ತು ರಂಪ ಮಾಡ್ತಳೆ, ಮಲ್ಗಿರೋವಾಗ್ಲೇ ಹೊಂಟೋಗು” ಎಂದು ಕುಳ್ಳಮ್ಮನೇ ಹೇಳಿದ್ದಳು. ಇವಳೂ ಒಪ್ಪಿದ್ದಳು.

ಕೊನೆಯ ಮರಿ ಪ್ರಮೀಳಾಳ ಅಂಗೈಯಲ್ಲಿ ಕೀಚುಗುಡುತ್ತಿತ್ತು. ಕುಳ್ಳಮ್ಮ ಕೈ ಚಾಚಿದಳು. ಪ್ರಮೀಳಾ ಅದನ್ನು ಅವಳಿಗೆ ಕೊಡದೆ ಮಗಳ ಬೊಗಸೆಗಿಟ್ಟು, ಪಕ್ಕದಲ್ಲೇ ನೆಲಕ್ಕೆ ಕೂತಳು.

“ಅಕ್ಷಿತಾ, ನಾಳೆ ನಾನು ಕೆಲ್ಸಕ್ಕೆ ಮೈಸೂರ್ಗೆ ಓಯ್ತೀನಿ ಕಣವ್ವ. ನೀನು ಅಜ್ಜಿ ತಾವ ಇರ್ಬೇಕು. ಬೆಳಿಗ್ಗೆ ಎಬ್ಬಿಸ್ತೀನಿ, ಬಸ್ಸಿನ ತನಕ ಬಾ.”