ಮೂರೋ ನಾಲ್ಕೋ

"ಶಬ್ದವೇ ಇಲ್ಲದ ವಿಡಿಯೊ ಅಲ್ವಾ, ಚಿಕ್ಕ ಫೈಲೇ ಸಾಕು" ಎಂದು ಸ್ಟುಡಿಯೊದವನು ಸಲೀಸಾಗಿ ಗುಂಡಿ ಒತ್ತಿಬಿಟ್ಟ. ಇಪ್ಪತ್ತು ವರ್ಷ ಮದುವೆ, ಹುಟ್ಟುಹಬ್ಬದ ವಿಡಿಯೊ ಮಾಡಿ ಪಳಗಿದ ಕೈ. ಜನ ನೋಡುವುದು ಫೋನಿನಲ್ಲಿ, ಬೇಗ ಹೋಗಬೇಕು, ಬೇಗ ತೆರೆಯಬೇಕು. ಅವನಿಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ. ಬೆಳಿಗ್ಗೆ ತನ್ನ ಸ್ಟುಡಿಯೊದಲ್ಲೇ ಹಿಡಿದಿದ್ದ ಹತ್ತು ನಿಮಿಷದ ವಿಡಿಯೊ ಹಿಂಡಿ ಹಿಪ್ಪೆಯಾಗಿ, ಎರಡೇ ನಿಮಿಷದಲ್ಲಿ ಶಾಲೆಯ ಜಾಲತಾಣಕ್ಕೆ ಏರಿತು; ನೋಡಿ 'ಸಲ್ಲಿಸಿ' ಒತ್ತುವುದೊಂದೇ ಬಾಕಿ. ಆಗ ಎರಡೂವರೆ ಗಂಟೆ.

ವಿಡಿಯೊದಲ್ಲಿದ್ದವರು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕಮ್ಮ. ಹುಟ್ಟಿನಿಂದಲೇ ಕಿವಿ ಕೇಳದು, ಮಾತೆಲ್ಲ ಕೈಯಲ್ಲಿ. ಜೊತೆಗೆ ಬಂದಿದ್ದ ಅಕ್ಕನ ಮಗಳು ಆ ಕೈಮಾತನ್ನು ಬಾಯಿಮಾತಿಗೆ ತಿರುಗಿಸುವವಳು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಚಿಕ್ಕಮ್ಮ ಒಂಬತ್ತು ವರ್ಷದಿಂದ ಆಯಾ: ಮೂಗು ಒರೆಸುವುದು, ಶೂ ಲೇಸು ಕಟ್ಟುವುದು, ಊಟದ ಡಬ್ಬಿ ತೊಳೆಯುವುದು. ಈಗ ಅಲ್ಲೇ ಟೀಚರ್ ಕೆಲಸವೊಂದು ಖಾಲಿಯಾಗಿತ್ತು. ಅರ್ಜಿಯ ಜೊತೆ ಮಕ್ಕಳಿಗೆ ಕಥೆ ಹೇಳಿದ ವಿಡಿಯೊ ಕೊಡಬೇಕು. ಅದನ್ನು ನೋಡಿ ಆರಿಸುವ ಮೂವರೂ ಕಿವಿ ಕೇಳದವರೇ. ಹಾಕಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಲೇ ಕೊನೆಯ ದಿನ ಬಂದಿತ್ತು, ಸಂಜೆ ಐದಕ್ಕೆ ಗಡುವು. ಆಸೆ ಮಾತ್ರ ಬೆಟ್ಟದಷ್ಟಿತ್ತು. ವಾರವಿಡೀ ಕನ್ನಡಿಯ ಮುಂದೆ ಅದೇ ಕಥೆ ಹೇಳಿ ಹೇಳಿ, ಚಿಕ್ಕಮ್ಮ ಒಂದಿಷ್ಟೂ ಸದ್ದಿಲ್ಲದೆ ಮನೆಯವರ ತಲೆ ತಿಂದಿದ್ದರು.

ಏರಿದ ವಿಡಿಯೊ ನೋಡುತ್ತ ನೋಡುತ್ತ ಅವರ ಮುಖ ಸಪ್ಪಗಾಯಿತು. ಕೈಗಳು ಚುರುಕಾಗಿ ಏನೋ ಕೇಳಿದವು. ಹುಡುಗಿ ಅದನ್ನು ಹೇಳಲು ಸ್ವಲ್ಪ ಹಿಂದೆಮುಂದೆ ನೋಡಿದಳು.

"ಅಣ್ಣ, ಚಿಕ್ಕಮ್ಮ ಕೇಳ್ತಿದಾರೆ, ಇದರಲ್ಲಿ ನಾನ್ಯಾಕೆ ತೊದಲ್ತಿದೀನಿ ಅಂತ."

ಅವನು ಮತ್ತೆ ನೋಡಿದ. ಮುಖ ಚೆನ್ನಾಗಿಯೇ ಇತ್ತು. ಇಷ್ಟು ವರ್ಷ ಅವನು ನೋಡುತ್ತ ಬಂದಿದ್ದೂ ಮುಖಗಳನ್ನೇ. ಈಗ ಕೈ ನೋಡಿದ. ಬೆರಳು ವೇಗವಾಗಿ ಆಡಿದಲ್ಲೆಲ್ಲ ಒಂದಕ್ಕೊಂದು ಅಂಟಿಕೊಂಡು ಕಲಸಿದ ಹಿಟ್ಟಿನಂತೆ ಕಾಣುತ್ತಿದ್ದವು. ಕ್ಯಾಮೆರಾ ಸೆಕೆಂಡಿಗೆ ಐವತ್ತು ಚಿತ್ರ ಹಿಡಿದಿತ್ತು. ಇವನು ಇಪ್ಪತ್ತೈದಕ್ಕೆ ಇಳಿಸಿ, ಚಿತ್ರದ ವಿವರ ಉಳಿಸುವ ಬಿಟ್‌ರೇಟನ್ನೂ ಪಾತಾಳಕ್ಕೆ ತಳ್ಳಿದ್ದ. ಬಾಯಲ್ಲಿ ಆಡಿದ ಮಾತಾಗಿದ್ದರೆ ಒಂದೊಂದು ಪದವನ್ನೂ ಜೋಪಾನ ಮಾಡುತ್ತಿದ್ದವನು, ಕೈಯಲ್ಲಿ ಆಡಿದ್ದನ್ನು ಅರ್ಧಕ್ಕರ್ಧ ಎಸೆದುಬಿಟ್ಟಿದ್ದ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ತಪ್ಪಾಯಿತು ಎಂದು ಚಿಕ್ಕಮ್ಮನ ಕಡೆ ತಿರುಗಿ ಗಟ್ಟಿಯಾಗಿ ಕೂಗಿ ಹೇಳಿದ, ಕೂಗಿದರೆ ಕೇಳಿಸೀತು ಎನ್ನುವ ಹಾಗೆ. ಚಿಕ್ಕಮ್ಮ ನಕ್ಕರು.

ಎರಡನೆಯ ಸಲ ಅವನು ಅವಸರ ಮಾಡಲಿಲ್ಲ. ಚಿತ್ರದ ಅಳತೆ ಕ್ಯಾಮೆರಾದಲ್ಲಿ ಇದ್ದಷ್ಟೇ ಇಟ್ಟ, ಸೆಕೆಂಡಿಗೆ ಐವತ್ತನ್ನು ಐವತ್ತೇ ಬಿಟ್ಟ, ಬಿಟ್‌ರೇಟ್ ಧಾರಾಳವಾಗಿ ಏರಿಸಿದ. ಎಂಬತ್ತು ಎಂಬಿ ಇದ್ದ ಫೈಲು ಮೂರು ಜಿಬಿಗೆ ಊದಿಕೊಂಡಿತು. ಉಳಿದ ಕಂಪ್ಯೂಟರು, ಫೋನುಗಳ ಇಂಟರ್ನೆಟ್ಟೆಲ್ಲ ನಿಲ್ಲಿಸಿ ಇದೊಂದಕ್ಕೇ ದಾರಿ ಬಿಟ್ಟರೂ ಏರಲು ಒಂದು ಗಂಟೆಯ ಮೇಲೆ ಹಿಡಿಯಿತು. ಏರಿದ ಮೇಲೂ ಮೊದಲು ಮಸುಕಾಗಿಯೇ ಕಂಡಾಗ ಹುಡುಗಿಯ ಜೀವ ಬಾಯಿಗೆ ಬಂತು. ಶುರುವಿನಲ್ಲಿ ಹೀಗೇ, ಜಾಲತಾಣ ಒಳಗೊಳಗೇ ಎಚ್‌ಡಿ ತಯಾರು ಮಾಡಿಕೊಳ್ಳುತ್ತಿರುತ್ತದೆ, ತುಸು ತಾಳಬೇಕು ಎಂದು ಅವನು ಸಮಾಧಾನ ಹೇಳಿದ. ನಾಲ್ಕೂವರೆಗೆ ಚಿತ್ರ ತಿಳಿಯಾಯಿತು. ಚಿಕ್ಕಮ್ಮನ ಒಂದೊಂದು ಉಗುರೂ ಬೇರೆ ಬೇರೆಯಾಗಿ ಕಂಡಿತು.

ಚಿಕ್ಕಮ್ಮ ಕಣ್ಣರಳಿಸಿ ನೋಡಿದರು. ಏಳನೆಯ ನಿಮಿಷಕ್ಕೆ ಬಂದಾಗ ಮಾತ್ರ ಅವರ ಅಂಗೈ ಬಾಯಿಗೆ ಹೋಯಿತು. ಕಥೆ ಒಂದು ತಾಯಿನಾಯಿಯದು. ಮೊದಲಿಗೆ ಅದಕ್ಕೆ ನಾಲ್ಕು ಮರಿ, ನಾಲ್ಕು ಬೆರಳು. ಒಂದೊಂದನ್ನೇ ಕಚ್ಚಿಕೊಂಡು ಹೋಗಿ ಮೆಟ್ಟಿಲ ಕೆಳಗೆ ಬೆಚ್ಚಗೆ ಮಲಗಿಸಿ ಎಣಿಸುವಾಗ, ಮೂರೇ ಬೆರಳು ಎದ್ದಿದ್ದವು. ಕಥೆಯಲ್ಲಿ ಯಾವ ಮರಿಯೂ ಕಳೆದಿರಲಿಲ್ಲ. ಮಸುಕಿನಲ್ಲಿ ಯಾರ ಕಣ್ಣಿಗೂ ಬೀಳದಿದ್ದ ತಪ್ಪು ಈಗ ಎದ್ದು ಕಾಣುತ್ತಿತ್ತು.

ತಿದ್ದಿ ಮತ್ತೆ ಏರಿಸುವಷ್ಟು ಹೊತ್ತು ಉಳಿದಿರಲಿಲ್ಲ. ಸ್ಟುಡಿಯೊದವನು ಗಡಿಯಾರ ನೋಡಿ, ದನಿ ತಗ್ಗಿಸಿ ಒಂದು ಉಪಾಯ ಹೇಳಿದ.

"ಹಳೇ ಚಿಕ್ಕ ಫೈಲು ಇನ್ನೂ ಇದೆ, ಎರಡೇ ನಿಮಿಷದಲ್ಲಿ ಹೋಗುತ್ತೆ. ಅದರಲ್ಲಿ ಮೂರೋ ನಾಲ್ಕೋ ದೇವರಿಗೂ ಗೊತ್ತಾಗಲ್ಲ. ಕೆಲಸದ ವಿಷ್ಯ, ಯೋಚನೆ ಮಾಡಿ ಅಂತ ಹೇಳಮ್ಮ."

ಹುಡುಗಿ ಕೈಯಲ್ಲಿ ಅದನ್ನೇ ಹೇಳಿದಳು. ಅವಳಿಗೂ ಅದೇ ಸರಿ ಎನಿಸಿತ್ತು. ಪರದೆಯ ಮೇಲೆ ನಿಂತಿದ್ದ ತಮ್ಮದೇ ಮೂರು ಬೆರಳನ್ನು ಚಿಕ್ಕಮ್ಮ ಬಹಳ ಹೊತ್ತು ನೋಡಿದರು. ಅವರಿಗೆ ಭಯವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆಮೇಲೆ ಮೌಸನ್ನು ತಾವೇ ಎಳೆದುಕೊಂಡು, ದೊಡ್ಡ ಫೈಲಿನ ಕೆಳಗಿದ್ದ 'ಸಲ್ಲಿಸಿ' ಎಂಬುದನ್ನು ಒತ್ತಿಬಿಟ್ಟರು. ಸ್ಟುಡಿಯೊದವನು ಏನಾಯಿತೆಂದು ಹುಡುಗಿಯ ಮುಖ ನೋಡಿದ. ಚಿಕ್ಕಮ್ಮನ ಕೈಗಳು ನಿಧಾನವಾಗಿ ಆಡಿದವು.

"ಒಂಬತ್ತು ವರ್ಷದಲ್ಲಿ ಇವರು ಹೇಳಿದ್ರಲ್ಲಿ ಯಾರೂ ಒಂದು ತಪ್ಪೂ ಹಿಡಿದಿಲ್ವಂತೆ" ಎಂದಳು ಹುಡುಗಿ. "ತಪ್ಪು ಹಿಡೀಬೇಕಾದ್ರೆ, ಆಯಾ ಏನು ಹೇಳ್ತಿದಾಳೆ ಅಂತ ಮೊದಲು ನೋಡ್ಬೇಕಲ್ಲ, ಈ ಮೂವರಾದ್ರೂ ನೋಡಿ ಹಿಡೀಲಿ, ಅಂತಿದಾರೆ."